ತುಳಜಾಬಾಯಿಯ ಮುಖದ ಬಣ್ಣ

ಲುಂಬಿನಿ ಹಟಮಾರಿ ಹೆಂಗಸು. ಮೆಚ್ಚಿ ಹೇಳುತ್ತಿರುವ ಮಾತಲ್ಲ ಇದು. ಕೆಲವರ ಹಟ ನ್ಯಾಯಕ್ಕಾಗಿ ಹುಟ್ಟುತ್ತದೆ, ನ್ಯಾಯ ಸಿಕ್ಕ ಕೂಡಲೇ ತಣ್ಣಗಾಗುತ್ತದೆ. ಅವಳದು ಯಾವಾಗಲೂ ಕಾದೇ ಇರುತ್ತಿತ್ತು. ತನ್ನ ಎರಡು ಕಣ್ಣುಗಳಿಗಿಂತ ದೊಡ್ಡ ಸಾಕ್ಷಿ ಲೋಕದಲ್ಲಿ ಇಲ್ಲವೆಂದು ನಂಬಿದ್ದಳು. ಇನ್ನೊಬ್ಬರ ಕಣ್ಣಿಗೂ ಏನಾದರೂ ಸರಿಯಾಗಿ ಕಂಡೀತು ಎಂದು ಒಂದು ದಿನವೂ ಒಪ್ಪಿದವಳಲ್ಲ.

ಈ ನಂಬಿಕೆಗೆ ಅವಳ ನೌಕರಿಯೂ ಕಾರಣ. ಶಹಾಬಾದದ ದವಾಖಾನೆಯೊಂದರಲ್ಲಿ ಅವಳು ಹದಿನೈದು ವರ್ಷಗಳಿಂದ ಲ್ಯಾಬ್ ಟೆಕ್ನಿಷಿಯನ್. ರೋಗಿಯ ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಕಾಯಿಸುವುದು, ಬಣ್ಣ ನೋಡುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಂಗಿಯ ಕೆಂಪಾದರೆ ಮನೆಯವರನ್ನು ಕರೆಸಬೇಕು. ಹಸಿರೋ ಹಳದಿಯೋ ಎಂದು ಉಳಿದವರು ತಡವರಿಸುವಲ್ಲಿ ಅವಳು ನಳಿಗೆಯನ್ನು ಒಮ್ಮೆ ಕಿಟಕಿಯ ಕಡೆ ಹಿಡಿದು ಬರೆದುಬಿಡುತ್ತಿದ್ದಳು. ಹೊಸದಾಗಿ ಬಂದ ಡಾಕ್ಟರೊಬ್ಬರು ಒಂದು ಸಲ "ಇನ್ನೊಮ್ಮೆ ನೋಡ್ರಿ ಸಿಸ್ಟರ್" ಎಂದದ್ದಕ್ಕೆ, "ನಾ ಸಿಸ್ಟರ್ ಅಲ್ರಿ. ಇನ್ನೊಮ್ಮೆ ನೋಡಾಕ ಇನ್ನೊಂದು ಜೋಡಿ ಕಣ್ಣೂ ಇಲ್ರಿ" ಎಂದಿದ್ದಳು. ಡಾಕ್ಟರು ಮತ್ತೆ ಕೇಳಲಿಲ್ಲ.

ಕ್ಯಾಮೆರಾ ಅವಳ ಕೈಗೆ ಬಂದದ್ದು ಸಿಟ್ಟಿನಿಂದ. ಅಪ್ಪ ಭಗವಂತ ವಾಡಿ ಜಂಕ್ಷನ್ನಿನಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ತೊಂಬತ್ತನಾಲ್ಕರಲ್ಲಿ ತೀರಿಕೊಂಡ. ಅವನದೆಂದು ಮನೆಯಲ್ಲಿದ್ದದ್ದು ರೈಲ್ವೆ ಪಾಸಿಗೆ ಅಂಟಿಸಿದ್ದ ಉಗುರಿನಷ್ಟು ಚಿತ್ರ ಒಂದೇ. ಅದನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಲು ಒಂದು ಸ್ಟುಡಿಯೋಕ್ಕೆ ಕೊಟ್ಟರು. ಹದಿನೈದು ದಿನ ಬಿಟ್ಟು ಬಂದ ಚಿತ್ರದಲ್ಲಿ ಭಗವಂತ ಬೆಳ್ಳಗಿದ್ದ, ಕೆನ್ನೆ ಗುಲಾಬಿಯಾಗಿತ್ತು, ತುಟಿಗೆ ಯಾರೋ ಬಣ್ಣ ತುಂಬಿದ್ದರು. "ಸ್ವಲ್ಪ ಚಂದ ಮಾಡೀನ್ರಿ" ಎಂದ ಸ್ಟುಡಿಯೋದವ. ಲುಂಬಿನಿ ಅದನ್ನು ಅವನ ಮುಖಕ್ಕೇ ಎಸೆಯುವವಳಿದ್ದಳು. ತಾಯಿ ತುಳಜಾಬಾಯಿ ತಡೆದು ಮನೆಗೆ ತಂದು ಮೊಳೆಗೆ ಹಾಕಿದರು. ಬಂದವರು "ಇದು ಯಾರ ಫೋಟು?" ಎಂದು ಕೇಳಿದರೆ ಅವರದು ಒಂದೇ ಉತ್ತರ: "ಯಾರೋ ಪಾವ್ಣೇರು. ಗ್ವಾಡಿ ಮ್ಯಾಲ ಬಂದು ಕುಂತಾರ, ಏಳವಲ್ರು."

ಗಂಡನನ್ನು ಹೀಗೆ ನೆಂಟನಾಗಿಸಿ ತಾಯಿ ನಗುತ್ತಿದ್ದರು. ಮಗಳು ನಗಲಿಲ್ಲ. ಅಪ್ಪನ ಮುಖ ಹೇಗಿತ್ತೆಂಬುದು ವರ್ಷ ವರ್ಷಕ್ಕೆ ಅವಳ ನೆನಪಿನಲ್ಲಿ ಮಸುಕಾಗುತ್ತ, ಆ ಜಾಗದಲ್ಲಿ ಗುಲಾಬಿ ಕೆನ್ನೆಯವ ಬಂದು ಕುಳಿತುಕೊಳ್ಳುತ್ತಿದ್ದ. ಅವ್ವನಿಗೆ ಹಾಗಾಗಲು ಬಿಡುವುದಿಲ್ಲ ಎಂದು ಅವಳು ತೀರ್ಮಾನಿಸಿಕೊಂಡಳು. ಎರಡು ಸಾವಿರದ ಐದರಲ್ಲಿ ಅಂಗೈಯಷ್ಟು ಡಿಜಿಟಲ್ ಕ್ಯಾಮೆರಾ ಕೊಂಡಳು. ಚಿತ್ರ ಕಲಿಯಲು ಎಲ್ಲಿ ಹೋಗಬೇಕೆಂದು ವಿಚಾರಿಸಿದಾಗ ಸೇಡಂನ ಬಳಗದ ಹೆಸರು ಕೇಳಿಬಂತು.

ಹವ್ಯಾಸಕ್ಕಾಗಿ ಚಿತ್ರ ತೆಗೆಯುವ ಹದಿನಾಲ್ಕು ಜನ ಅಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತಿದ್ದರು. ಚಿತ್ತಾಪುರ, ವಾಡಿ, ಚಿಂಚೋಳಿಗಳಿಂದ ಬಸ್ಸು ಹಿಡಿದು ಬರುತ್ತಿದ್ದರು. ಅದನ್ನು ಕಟ್ಟಿದವರು ವಾಸುದೇವ ಮಾಸ್ತರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಅವರದೊಂದು ನಿಯಮವಿತ್ತು. ಚಿತ್ರಗಳು ಮೇಜಿನ ಸುತ್ತ ಕೈಯಿಂದ ಕೈಗೆ ಹೋಗಬೇಕು. ಮೊದಲ ಸುತ್ತಿನಲ್ಲಿ ಹೊಗಳುವ ಹಾಗಿಲ್ಲ, ಒಬ್ಬೊಬ್ಬರೂ ಒಂದೊಂದು ತಪ್ಪು ಹೇಳಲೇಬೇಕು. ಹೊಗಳಿಕೆ ಎರಡನೆಯ ಸುತ್ತಿಗೆ, ಅದೂ ಚಹಾ ಬಂದ ಮೇಲೆ. ಲುಂಬಿನಿಗೆ ಈ ನಿಯಮ ಹಿಡಿಸಿತು. ಅವಳು ಎರಡನೆಯ ಸುತ್ತಿನಲ್ಲಿಯೂ ತಪ್ಪನ್ನೇ ಹೇಳುತ್ತಿದ್ದಳು. ಚಿತ್ತಾಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಸುಮಧ್ವ ಎಂಬ ಯುವಕ ದಂಡೋತಿಯ ಹೊಳೆಯ ಮೇಲೆ ಸೂರ್ಯ ಮುಳುಗುವ ಚಿತ್ರ ತಂದಾಗ, ಅವಳು ಅದನ್ನು ಒಂದು ಗಳಿಗೆ ನೋಡಿ ಕೇಳಿದಳು:

"ಸುಮಧ್ವ ಅವ್ರ, ಸೂರ್ಯ ಮುಳುಗಾಕತ್ತಾನ ಅಂದ್ರ ಎಮ್ಮಿ ನೆರಳು ಎಮ್ಮಿ ಹೊಟ್ಟಿ ಕೆಳಗ ಯಾಕ ಅದರಿ?"

ನಡು ಮಧ್ಯಾಹ್ನ ತೆಗೆದ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಕಿತ್ತಳೆ ಬಣ್ಣ ಬಳಿದಿದ್ದ. ಇಡೀ ಕೋಣೆ ನಕ್ಕಿತು. ಸುಮಧ್ವನೂ ನಕ್ಕ, ಆದರೆ ಮರೆಯಲಿಲ್ಲ.

ಬಳಗಕ್ಕೆ ಅಂತರ್ಜಾಲದಲ್ಲಿ ಒಂದು ಪುಟವೂ ಇತ್ತು. ಎರಡು ಭೇಟಿಗಳ ನಡುವೆ ಎಲ್ಲರೂ ಅದರಲ್ಲಿ ಚಿತ್ರ ಹಾಕಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದರು. ಲುಂಬಿನಿ ಅದಕ್ಕಾಗಿ ಶಹಾಬಾದದ ಬಸ್ ಸ್ಟ್ಯಾಂಡಿನ ಎದುರಿನ ಮಶಾಕನ ಕಂಪ್ಯೂಟರ್ ಅಂಗಡಿಗೆ ಹೋಗುತ್ತಿದ್ದಳು. ಒಂದು ಚಿತ್ರ ಮೇಲೇರಲು ಅಲ್ಲಿ ಇಪ್ಪತ್ತು ನಿಮಿಷ. ಮಶಾಕ ಅವಳನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಿದ್ದ, ಅವಳ ಚಿತ್ರಗಳನ್ನು ಅವಳಿಗಿಂತ ಮೊದಲು ನೋಡಿ ಅಭಿಪ್ರಾಯ ಹೇಳುತ್ತಿದ್ದ, ಅವಳಿಂದ ಬೈಸಿಕೊಳ್ಳುತ್ತಿದ್ದ.

ಎರಡು ಸಾವಿರದ ಆರರ ಬುದ್ಧ ಪೂರ್ಣಿಮೆಯ ದಿನ ಅವಳು ತಾಯಿಯ ಚಿತ್ರ ತೆಗೆದಳು. ತುಳಜಾಬಾಯಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಬಂಡೆಯ ಪದರಕ್ಕೆ ಉಳಿ ಇಟ್ಟು, ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತ, ಒಡೆಯದ ಹಾಗೆ ಹಾಳೆ ಬಿಡಿಸುವುದು ಅವರ ಕೈಗೆ ಗೊತ್ತಿತ್ತು. ಆ ಬೆಳಿಗ್ಗೆ ಬುದ್ಧ ವಿಹಾರಕ್ಕೆ ಹೋಗಲು ಬಿಳಿ ಸೀರೆ ಉಟ್ಟು ಮನೆಯ ಮುಂದಿನ ಫರಸಿ ಕಟ್ಟೆಯ ಮೇಲೆ, ಗೋಡೆಯ ನೆರಳಿನಲ್ಲಿ, ಚಪ್ಪಲಿ ಹಾಕಿಕೊಳ್ಳಲು ಕುಳಿತಿದ್ದರು. "ಅವ್ವಾ" ಎಂದಳು ಲುಂಬಿನಿ. ತಲೆ ಎತ್ತಿ ನೋಡಿದರು. ಅಷ್ಟೇ. ತಾನು ತೆಗೆದವುಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು.

ಉಳಿದದ್ದು ಬಣ್ಣ ಸರಿಪಡಿಸುವುದು. ಬೆಳಕಿಗೂ ಬಣ್ಣವಿದೆ: ನೆರಳಿನ ಬೆಳಕು ನೀಲಿ, ಬಲ್ಬಿನ ಬೆಳಕು ಹಳದಿ. ನಮ್ಮ ಕಣ್ಣು ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅದು ಅಷ್ಟಾಗಿ ಬಾರದು. ಆದ್ದರಿಂದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಅದರೊಳಗಿನ ಯಾವುದಾದರೂ ಬಿಳಿ ವಸ್ತುವಿನ ಮೇಲೆ ಒತ್ತಿ 'ಇದು ಬಿಳಿ' ಎಂದು ತೋರಿಸಬೇಕು. ಕಂಪ್ಯೂಟರು ಅದನ್ನು ಬಿಳಿಯಾಗಿಸಿ ಉಳಿದ ಬಣ್ಣಗಳನ್ನೆಲ್ಲ ಅದೇ ಅಳತೆಯಲ್ಲಿ ಸರಿಸುತ್ತದೆ. ವೈಟ್ ಬ್ಯಾಲೆನ್ಸ್ ಎಂದರೆ ಇಷ್ಟೇ. ಲುಂಬಿನಿ ತಾಯಿಯ ಸೀರೆಯ ಮೇಲೆ ಒತ್ತಿದಳು. ಚಿತ್ರ ಬೆಚ್ಚಗಾಯಿತು. ತಾಯಿಯ ಮುಖ ದಟ್ಟ ಕಂದು ಬಣ್ಣದ್ದಾಗಿ, ತುಸು ಹಳದಿಯಾಗಿ ಬಂತು. ಕರಿಯ ಮುಖಕ್ಕೆ ಸುಣ್ಣ ಬಳಿಯುವವರ ನಡುವೆ ಬೆಳೆದವಳಿಗೆ ಆ ದಟ್ಟತನವೇ ಪ್ರಾಮಾಣಿಕತೆ ಎನಿಸಿತು. ಬಳಗದ ಪುಟಕ್ಕೆ ಹಾಕಿ ಕೆಳಗೆ ಬರೆದಳು: 'ನಮ್ಮವ್ವ. ಇದ್ದ ಹಾಗೆ.'

ಜುಲೈ ಭೇಟಿಯಲ್ಲಿ ಅದು ಮೇಜಿಗೆ ಬಂತು. ಆಗಸ್ಟ್ ಹದಿನೈದರಂದು ಬಳಗ ಸೇಡಂನಲ್ಲಿ ಮೊದಲ ಪ್ರದರ್ಶನ ಇಟ್ಟುಕೊಂಡಿತ್ತು, ತಲೆಗೊಂದು ಚಿತ್ರ. ತಾಲೂಕಿನ ಜನ ಎಲ್ಲ ಬರುವವರಿದ್ದರು. ಖಣಿಯ ಹೆಣ್ಣಾಳೊಬ್ಬಳ ಮುಖ ಒಂದೂವರೆ ಅಡಿ ಎತ್ತರದಲ್ಲಿ, ಅವಳದೇ ಬಣ್ಣದಲ್ಲಿ ಅವರೆಲ್ಲರ ಎದುರು ನಿಲ್ಲಬೇಕು ಎಂಬುದು ಲುಂಬಿನಿಗೆ ಬೇಕಾಗಿದ್ದದ್ದು. ಅದಕ್ಕಿಂತ ಕಡಿಮೆಗೆ ಅವಳು ತಯಾರಿರಲಿಲ್ಲ.

ಸುಮಧ್ವ ಮೊದಲು ಬಾಯಿಬಿಟ್ಟ. "ಫೋಟು ಭಾಳ ಚಂದ ಅದರಿ ಮೇಡಂ."

"ಮೊದಲನೇ ಸುತ್ತಿನ್ಯಾಗ ಹೊಗಳಂಗಿಲ್ಲ" ಎಂದರು ಮಾಸ್ತರು.

"ತಪ್ಪೇ ಹೇಳ್ತೀನ್ರಿ ಸರ. ಮುಖ ಎದ್ದು ಬರವಲ್ದು."

"ಎದ್ದು ಎಲ್ಲಿಗಿ ಹೋಗಬೇಕಾಗ್ಯಾದ್ರಿ?" ಎಂದಳು ಲುಂಬಿನಿ. "ಕುಂತಿರೋ ಫೋಟು ಅದು."

ಅವನು ತನ್ನ ಚೀಲದಿಂದ ಒಂದು ಹಾಳೆ ತೆಗೆದ. ಪುಟದಿಂದ ಅವಳ ಚಿತ್ರವನ್ನು ಇಳಿಸಿಕೊಂಡು ತನ್ನ ಸ್ಟುಡಿಯೋದಲ್ಲಿ ತಿದ್ದಿ ಅಚ್ಚು ಹಾಕಿಸಿ ತಂದಿದ್ದ. "ನಾನೇ ಸ್ವಲ್ಪ ಕೆಲಸ ಮಾಡೀನ್ರಿ. ಪ್ರದರ್ಶನಕ್ಕ ಇದನ್ನ ಇಡೋಣ. ಜನ ನೋಡೋರು ಇರ್ತಾರ."

ಹಾಳೆಯಲ್ಲಿ ತುಳಜಾಬಾಯಿ ಗೋದಿ ಬಣ್ಣಕ್ಕೆ ತಿರುಗಿದ್ದರು. ಹಣೆಯ ಗೆರೆಗಳು ಮಾಯವಾಗಿದ್ದವು. ಉಳಿಯ ಚೂರು ಹಾರಿ ಗದ್ದದ ಮೇಲೆ ಆಗಿದ್ದ ಗಾಯದ ಕಲೆಯೂ ಇರಲಿಲ್ಲ.

"ಯಾರ್ರೀ ಇಕಿ?"

"ನಿಮ್ಮ ತಾಯೇರರಿ."

"ನಮ್ಮವ್ವ ಮೂವತ್ತು ವರ್ಷ ಬಿಸಲಾಗ ಕಲ್ಲು ಬಿಡಿಸ್ಯಾಳ. ಇಕಿ ಮೂವತ್ತು ವರ್ಷ ಸೋಫಾದ ಮ್ಯಾಲ ಕುಂತಾಳ. ಇಕಿ ನಿಮಗ ಬೇಕಂದ್ರ ನಿಮ್ಮ ಮನ್ಯಾಗ ತೂಗಹಾಕ್ಕೋರಿ."

ಯಾರೂ ನಗಲಿಲ್ಲ. ಮಾಸ್ತರು ಎರಡೂ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸುಮಧ್ವ, ನೀ ಮಾಡಿದ್ದು ತಪ್ಪು. ಬೆಳಕು ತಿದ್ದು ಅಂದ್ರ ನೀ ಮನುಷ್ಯಾರ್ನ ತಿದ್ದೀದಿ. ಇದು ಪ್ರದರ್ಶನಕ್ಕ ಬರಂಗಿಲ್ಲ." ಅದನ್ನು ಬೋರಲು ಹಾಕಿ ಇನ್ನೊಂದರ ಕಡೆ ಬೆರಳಿಟ್ಟರು. "ಲುಂಬಿನಿ, ನೋಡಮ್ಮಾ. ನಿಂದೂ ಬರೋಬರಿ ಇಲ್ಲ. ಬಿಳಿ ಅಂತ ಯಾವುದರ ಮ್ಯಾಲ ಒತ್ತೀದಿ?"

"ಸೀರಿ ಮ್ಯಾಲರಿ."

"ಆ ಸೀರಿ ಬೆಳ್ಳಗ ಅದ ಅಂತ ಯಾರು ಹೇಳ್ಯಾರ?"

"ಹೇಳೋದೇನದರಿ? ಕಣ್ಣಿಗಿ ಕಾಣಸ್ತದ."

"ಕೆಳಗಿನ ಫರಸಿ ನೋಡು. ಹಳದಿ ಹೊಡೀಲಿಕತ್ತದ. ಶಹಾಬಾದ ಕಲ್ಲು ಬೂದಿ ಬಣ್ಣ ಇರ್ತದ, ಹೌದಿಲ್ಲೋ?"

"ಖಣಿಯಾಗ ಹಳದಿ ಪದರನೂ ಬರ್ತದರಿ ಸರ. ನೀವು ಖಣಿಯಾಗ ಇಳದು ನೋಡೀರೇನು?"

ಮಾಸ್ತರು ಖಣಿಯಲ್ಲಿ ಇಳಿದವರಲ್ಲ. ಹಳದಿ ಪದರ ಬರುವುದು ನಿಜ. ತನ್ನ ಮನೆಯ ಕಟ್ಟೆಯ ಕಲ್ಲು ಬೂದಿ ಬಣ್ಣದ್ದು ಎಂಬುದೂ ನಿಜ, ಅದು ಲುಂಬಿನಿಗೆ ಗೊತ್ತಿತ್ತು. ದಿನಾ ಅದರ ಮೇಲೆ ಕಾಲಿಟ್ಟು ನೌಕರಿಗೆ ಹೋಗುವವಳು ಅವಳು. ಆದರೂ ಮಾತು ಬಾಯಿಂದ ಹೊರಟಿತ್ತು. ಹೊರಟದ್ದರ ಹಿಂದೆ ಇನ್ನೊಂದು ಬಂತು.

"ಅವರು ಒಂದೇ ಸಲಕ್ಕ ಪೂರಾ ಬೆಳ್ಳಗ ಮಾಡ್ಯಾರ. ನೀವು ಶ್ಯಾಣ್ಯಾರು, ಸ್ವಲ್ಪ ಸ್ವಲ್ಪ ಮಾಡ್ರಿ ಅಂತೀರಿ. ಕರಿ ಮುಖ ಗ್ವಾಡಿ ಮ್ಯಾಲ ಕಂಡ್ರ ನಿಮಗೂ ಕಣ್ಣು ನೋಯ್ತಾವ, ಅಷ್ಟೇ ಅದ ಇದರಾಗ."

ಚಹಾ ತಂದಿದ್ದವನು ಬಾಗಿಲಲ್ಲೇ ನಿಂತ. ಮಾಸ್ತರ ಮುಖ ಕೆಂಪಾಯಿತು, ಆಮೇಲೆ ಇಳಿಯಿತು. ಅವರು ಆ ಚಿತ್ರವನ್ನು ಎರಡೂ ಕೈಗಳಿಂದ ಎತ್ತಿ ಅವಳ ಕಡೆ ಸರಿಸಿದರು.

"ನೀ ಯಾವ ಬಣ್ಣದಾಗ ತರ್ತಿ, ತಾ. ಅದನ್ನೇ ತೂಗಹಾಕ್ತೀನಿ. ಯಾರೂ ಮುಟ್ಟಂಗಿಲ್ಲ." ಚಿತ್ರದಿಂದ ಕೈ ತೆಗೆದು ಹೇಳಿದರು, "ಆದ್ರ ಕಲ್ಲು ಹಳದಿ ಅದ ಅಂತ ನನಗ ಇನ್ನೊಮ್ಮೆ ಹೇಳಬ್ಯಾಡ."

ಲುಂಬಿನಿ ಗೆದ್ದು ಬಸ್ಸು ಹತ್ತಿದಳು. ಗೆದ್ದವರು ಕಿಟಕಿಯ ಹೊರಗೆ ನೋಡುತ್ತಾರೆ. ಅವಳು ಚಿತ್ತಾಪುರದವರೆಗೂ ಮುಂದಿನ ಸೀಟಿನ ಕಬ್ಬಿಣದ ಹಿಡಿಕೆಯನ್ನೇ ನೋಡುತ್ತಿದ್ದಳು.

ಮರುವಾರ ಗುಲ್ಬರ್ಗಾಕ್ಕೆ ಹೋಗಿ ಚಿತ್ರವನ್ನು ಒಂದೂವರೆ ಅಡಿಗೆ ಅಚ್ಚು ಹಾಕಿಸಿದಳು. ಸುರುಳಿ ಸುತ್ತಿ ಮನೆಗೆ ತಂದು ಹಾಸಿಗೆಯ ಮೇಲೆ ಬಿಡಿಸಿದಾಗ ತುಳಜಾಬಾಯಿ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಎರಡು ತಿಂಗಳಿಂದ ಐದು ಊರಿನ ಜನ ನೋಡಿ ಮಾತಾಡಿದ್ದ ಚಿತ್ರವನ್ನು ಅವರು ನೋಡುತ್ತಿದ್ದದ್ದು ಆಗಲೇ ಮೊದಲು. ಚಿತ್ರದಲ್ಲಿ ಕುಳಿತವರಿಗೆ ತೋರಿಸಬೇಕೆಂಬುದು ಮಗಳಿಗೆ ಹೊಳೆದೇ ಇರಲಿಲ್ಲ.

ಅವರು ಅದನ್ನು ಅಂಗಳಕ್ಕೆ ಒಯ್ದು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇದು ಯಾವಾಗಿಂದು?"

"ಪೂರ್ಣಿಮಿದು. ಮೊನ್ನಿ ಮೇ ತಿಂಗಳದು."

"ಆಗ ನನಗ ಕಾಮಣಿ ಆಗಿತ್ತೇನು?"

ಕಾಮಾಲೆಯನ್ನು ಆ ಕಡೆ ಕಾಮಣಿ ಎನ್ನುತ್ತಾರೆ. ವಾರಕ್ಕೆ ಹತ್ತು ಜನರ ರಕ್ತದಲ್ಲಿ ಅದನ್ನು ಹುಡುಕುವವಳ ಎದುರು ತಾಯಿ ತಮ್ಮ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಿದರು. "ನೋಡು, ಬೆಳ್ಳಗ ಅದ. ಇದರಾಗ ಕಣ್ಣೂ ಹಳದಿ, ಹಲ್ಲೂ ಹಳದಿ. ನೀನೇ ದವಾಖಾನ್ಯಾಗ ಇರ್ತಿ, ನಿನಗ ತಿಳೀಲಿಲ್ಲೇನು?"

"ಅವ್ವಾ, ನಿನ್ನ ಬಣ್ಣ ಹಂಗೇ ಅದ. ಕರಿ ಇರೋದಕ್ಕ ನಾಚಿಕಿ ಯಾಕ?"

"ಯಾವ್ ನಾಚಿಕಿ?" ತುಳಜಾಬಾಯಿ ತೋಳು ಚಾಚಿ ಚಿತ್ರದ ಪಕ್ಕದಲ್ಲಿ ಹಿಡಿದರು. "ನಾ ಕರ್ರಗ ಇದ್ದೀನಿ. ಹಳದಿ ಇಲ್ಲ. ನಿನಗ ಕರಿ ಯಾವುದು ಹಳದಿ ಯಾವುದು ಗೊತ್ತಾಗವಲ್ದೇನು? ಅದೂ ಬಿಡು. ನನ್ನ ಸೀರಿ ಏನು ಮಾಡೀದಿ?"

"ಸೀರಿಗಿ ಏನಾಗ್ಯಾದ?"

"ನೀಲಿನೇ ಹಾಕಿಲ್ಲ ಅನ್ನಂಗ ಕಾಣಸ್ತದ. ಎರಡು ಸರ್ತಿ ನೀಲಿ ನೀರಿನ್ಯಾಗ ಎದ್ದಿ ಒಣಗ ಹಾಕೀನಿ ನಾ. ಹಬ್ಬದ ದಿನ ನಾ ನೀಲಿ ಇಲ್ದ ಸೀರಿ ಉಟ್ಕೊಂಡು ವಿಹಾರಕ್ಕ ಹೋಗೀನಿ ಅಂತ ಊರಿಗೆಲ್ಲ ತೋರಸ್ತೀಯೇನು?"

ಲುಂಬಿನಿ ಒಳಗೆ ಹೋಗಿ ಪೆಟ್ಟಿಗೆಯಿಂದ ಸೀರೆ ತೆಗೆದಳು. ತನ್ನ ಚೀಲದಲ್ಲಿದ್ದ ಲ್ಯಾಬಿನ ಸೋಸುವ ಕಾಗದವನ್ನು ಅದರ ಮೇಲಿಟ್ಟು ಬಾಗಿಲ ಬೆಳಕಿಗೆ ತಂದಳು. ಕಾಗದ ಬಿಳಿ. ಸೀರೆ ನೀಲಿ. ಬಟ್ಟೆಗೆ ಹಾಕುವ ನೀಲಿಯ ಕೆಲಸವೇ ಅದು, ಹಳೆಯ ಬಟ್ಟೆಯನ್ನು ನೀಲಿಯಾಗಿಸಿ ಬಿಳಿ ಎಂದು ನಂಬಿಸುವುದು. ಊರಿನಲ್ಲಿ ಯಾರ ಮನೆಯ ಬಿಳಿ ಬಟ್ಟೆಯೂ ಬಿಳಿಯಾಗಿರಲಿಲ್ಲ. ಆ ಸೀರೆಯನ್ನು ಬಿಳಿ ಎಂದು ತೋರಿಸಿದ್ದಕ್ಕೆ ಕಂಪ್ಯೂಟರು ಹೇಳಿದಂತೆ ಕೇಳಿತ್ತು: ಸೀರೆಯಿಂದ ನೀಲಿಯನ್ನು ಕಿತ್ತುಹಾಕಲು ಇಡೀ ಚಿತ್ರಕ್ಕೆ ಹಳದಿ ಸುರಿದಿತ್ತು. ಕಲ್ಲಿಗೂ ಗೋಡೆಗೂ ಅವ್ವನ ಹಲ್ಲಿಗೂ. ಹದಿನೈದು ವರ್ಷ ನೀಲಿ ದ್ರಾವಣದ ಬಣ್ಣ ಬದಲಾಗುವುದನ್ನೇ ನೋಡುತ್ತ ಕುಳಿತವಳಿಗೆ ತನ್ನ ಮನೆಯ ಹಗ್ಗದ ಮೇಲಿನ ನೀಲಿ ಕಂಡಿರಲಿಲ್ಲ.

ಮಾಸ್ತರು ಸರಿಯಾಗಿ ಹೇಳಿದ್ದರು. ಕಟ್ಟೆಯ ಮೇಲೆ ಕುಳಿತು ಅವಳು ಅದನ್ನು ಯೋಚಿಸಿದಳು, ಮತ್ತು ಯೋಚಿಸಿದಷ್ಟೂ ಸಿಟ್ಟು ಬಂತು. ಒಪ್ಪಿದರೆ ಸುಮಧ್ವ ನಗುತ್ತಾನೆ, ಅವನು ಅಪ್ಪನಿಗೆ ತುಟಿಬಣ್ಣ ತುಂಬಿದವರ ಪೈಕಿ. ಒಪ್ಪದಿದ್ದರೆ ಅವ್ವ ಕಾಮಣಿಯಾದವಳ ಹಾಗೆ ತಾಲೂಕಿನ ಎದುರು ನಿಲ್ಲುತ್ತಾಳೆ, ಅದನ್ನು ಮಾಡಿದವಳು ಮಗಳು. ಗೋಡೆಯ ಮೇಲಿನ ಪಾವ್ಣೇರಿಗೂ ಇದಕ್ಕೂ ಎಷ್ಟು ಅಂತರ?

ಮರುದಿನ ದವಾಖಾನೆ ಮುಗಿಸಿ ನೇರ ಮಶಾಕನ ಅಂಗಡಿಗೆ ಹೋಗಿ ಬಳಗದ ಪುಟ ತೆರೆದಳು. ತಪ್ಪು ಚಿತ್ರವನ್ನು ತೆಗೆಯಲಿಲ್ಲ. ಅದರ ಕೆಳಗೆ ಬರೆದಳು: 'ಸೀರೆಗೆ ನೀಲಿ ಹಾಕಿತ್ತು. ಪರೀಕ್ಷೆ ಮಾಡಿ ನೋಡಿದ್ದೇನೆ. ಈ ಬಣ್ಣ ತಪ್ಪು. ಸುಮಧ್ವ ಅವರು ಮಾಡಿದ ಬಣ್ಣ ಇದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಅವರು ಬೇಕೆಂದೇ ಮಾಡಿದ್ದಾರೆ. ಸರಿಯಾದ ಚಿತ್ರ ಆಗಸ್ಟ್ ಹದಿನಾಲ್ಕನೆಯ ತಾರೀಖು ಸೇಡಂಗೆ ತರುತ್ತೇನೆ.' ಮಾಸ್ತರ ಹೆಸರು ಅದರಲ್ಲಿ ಇರಲಿಲ್ಲ. ತಪ್ಪನ್ನೂ ತಾನೇ ಕಂಡುಹಿಡಿದೆ ಎಂಬ ಧಾಟಿಯಿತ್ತು. ಸಂಜೆಯ ಹೊತ್ತಿಗೆ ಕೆಳಗೆ ವಾಸುದೇವ ಮಾಸ್ತರ ಒಂದೇ ಪದದ ಉತ್ತರ ಬಂದಿತ್ತು: 'ಸರಿ.'

"ಆಪಾ, ಮಾಫಿ ಕೇಳೋದು ಹಿಂಗಲ್ಲ" ಎಂದ ಮಶಾಕ, ಹಿಂದೆ ನಿಂತು ಓದಿ.

"ನಾ ಮಾಫಿ ಕೇಳಿಲ್ಲ. ವರದಿ ಬರದೀನಿ. ನಿನ್ನ ಕೆಲಸ ನೋಡು."

ವರದಿ ಬರೆಯುವುದು ಸುಲಭವಾಯಿತು, ಬಣ್ಣ ಸುಲಭವಾಗಲಿಲ್ಲ. ಈ ಸಲ ಫರಸಿಯ ಮೇಲೆ ಒತ್ತಿದಳು. ಮುಖ ಒಂದು ಬಗೆ ಬಂತು. ಗೋಡೆಯ ಮೇಲೆ ಒತ್ತಿದಳು, ಇನ್ನೊಂದು ಬಗೆ. ಗೋಡೆಯ ಸುಣ್ಣಕ್ಕೂ ನೀಲಿ ಬೆರೆಸಿದ್ದರು. ಕಲ್ಲಿನ ಒಂದು ಮೂಲೆ ನೆರಳಿನಲ್ಲಿ, ಇನ್ನೊಂದು ಬಿಸಿಲಿನ ಅಂಚಿನಲ್ಲಿ, ಮೂಲೆಗೊಂದು ಅವ್ವ. ಮೂರು ವಾರ ಸಂಜೆ ಸಂಜೆ ಕುಳಿತಳು. ಎರಡು ತಿಂಗಳು ಹಳದಿ ಮುಖವನ್ನೇ ಸರಿ ಎಂದು ನೋಡಿದ್ದ ಕಣ್ಣಿಗೆ ಈಗ ಸರಿಯಾದದ್ದೆಲ್ಲ ನೀಲಿ ಕಾಣುತ್ತಿತ್ತು. ನೀಲಿಯನ್ನು ಸ್ವಲ್ಪ ತಗ್ಗಿಸಿದರೆ ಮತ್ತೆ ಹಳದಿ. ನಳಿಗೆಯನ್ನು ಕಿಟಕಿಗೆ ಹಿಡಿದು ಬರೆದುಬಿಡುತ್ತಿದ್ದವಳು ಮೊದಲ ಬಾರಿಗೆ ಬರೆಯಲಾರದೆ ಕುಳಿತಳು.

ಕೊನೆಗೆ, ಹನ್ನೆರಡನೆಯ ತಾರೀಖು ಶನಿವಾರ, ಅವಳು ತಾಯಿಯನ್ನೇ ಅಂಗಡಿಗೆ ಕರೆದುಕೊಂಡು ಬಂದಳು. ಅಭಿಪ್ರಾಯ ಕೇಳಲು ತಂದದ್ದಲ್ಲ; ಪರದೆಯ ಪಕ್ಕದಲ್ಲಿ ಅಸಲನ್ನು ಇಟ್ಟು ತಾಳೆ ನೋಡಲು.

"ಬರ್ರಿ ಖಾಲಾ, ಕುಂದ್ರಿ" ಎಂದು ಮಶಾಕ ಖುರ್ಚಿ ಒರೆಸಿದ.

ತಾಯಿಯನ್ನು ಪರದೆಯ ಪಕ್ಕ ಕೂರಿಸಿ ನೋಡಿದರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅವರ ಮುಖ ಹಸಿರಾಗಿ ಕಂಡಿತು. ಬಾಗಿಲಿನ ಹೊರಗೆ ಹಗಲಿನ ಬೆಳಕಿನಲ್ಲಿ ನಿಲ್ಲಿಸಿದಳು. ಹೊರಗೆ ಹೋಗಿ ಮುಖ ನೋಡುವಳು, ನೆನಪಿಟ್ಟುಕೊಂಡು ಒಳಗೆ ಓಡಿಬಂದು ಪರದೆ ನೋಡುವಳು. ಬರುವಷ್ಟರಲ್ಲಿ ನೆನಪು ಜಾರಿರುತ್ತಿತ್ತು. ಹೀಗೆ ಆರೇಳು ಸಲ ಆಯಿತು. ಬಸ್ಸಿಗೆ ಕಾಯುತ್ತಿದ್ದವರು ನಿಂತು ನೋಡತೊಡಗಿದರು.

"ಖಾಲಾ, ಅಲ್ಲಾಡಬ್ಯಾಡ್ರಿ, ನಿಮ್ಮ ರಂಗು ಚೆಲ್ಲಿ ಹೋಗ್ತದ" ಎಂದ ಮಶಾಕ.

"ಸುಮ್ನ ಕುಂದ್ರೋ ನೀ" ಎಂದು ತುಳಜಾಬಾಯಿ ಸೆರಗು ಕೊಡವಿ ಒಳಗೆ ಬಂದರು. "ಏನು ಹಚ್ಚೀದಿ ಲುಂಬಿನಿ ಇದು? ಸಂತಿಯಾಗ ಆಡು ನೋಡಿದಂಗ ನೋಡಾಕತ್ತೀದಿ. ನನ್ನ ಮುಖ ಹ್ಯಾಂಗ ಅದ ಅಂತ ನನಗ ಕೇಳಿದ್ರ ಆಗಂಗಿಲ್ಲೇನು? ಸರಿ ಆ ಕಡಿಗಿ."

"ನಿನಗೇನು ಗೊತ್ತಾಗ್ತದವ್ವಾ ಇದರಾಗ?"

"ಆ ಕಡಿಗಿ ಸರಿ ಅಂದ್ನಿ."

ಲುಂಬಿನಿ ಎದ್ದಳು. ಯಾಕೆ ಎದ್ದೆನೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ತುಳಜಾಬಾಯಿ ಖುರ್ಚಿಯಲ್ಲಿ ಕುಳಿತು, ಮಗಳು ತೋರಿಸಿದಂತೆ ಮೌಸಿನ ಮೇಲೆ ಕೈ ಇಟ್ಟರು. ಪರದೆಯ ಮೇಲೆ ಒಂದು ಗೆರೆ, ಅದರ ಒಂದು ತುದಿಯಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿ, ನಡುವೆ ಸರಿಯುವ ಗುಂಡಿ. ಮೊದಲು ಕೈ ಎಲ್ಲೆಲ್ಲೋ ಹೋಯಿತು, ಮಶಾಕ ನಕ್ಕ. ಆಮೇಲೆ ಕೈ ನಿಧಾನವಾಯಿತು. ಪದರಕ್ಕೆ ಉಳಿ ಇಟ್ಟು ತಟ್ಟುವವರ ಹಾಗೆ, ಗುಂಡಿಯನ್ನು ಒಂದು ಕೂದಲು ಸರಿಸಿ ನಿಲ್ಲಿಸಿ ನೋಡುವುದು, ಮತ್ತೊಂದು ಕೂದಲು ಸರಿಸುವುದು. ಅವರು ಮುಖವನ್ನು ನೋಡುತ್ತಿರಲಿಲ್ಲ. ಸೀರೆಯನ್ನು ನೋಡುತ್ತಿದ್ದರು, ಹಲ್ಲನ್ನು, ಕಟ್ಟೆಯ ಕಲ್ಲನ್ನು, ಆಮೇಲೆ ಮೌಸಿನ ಮೇಲಿದ್ದ ತಮ್ಮದೇ ಕೈಯನ್ನು.

"ಇಲ್ಲಿ" ಎಂದರು. "ಇದು ನನ್ನ ಸೀರಿ. ಇದು ನಾ ಬಿಡಿಸಿದ ಕಲ್ಲು. ನಾ ಹಿಂಗೇ ಇದ್ದೀನಿ, ಕರ್ರಗ."

ಲುಂಬಿನಿ ಬಗ್ಗಿ ನೋಡಿದಳು. ಮುಖ ಕರ್ರಗಿತ್ತು, ಗದ್ದದ ಕಲೆ ಬಿಳಿಯ ಗೀರಾಗಿ ಕಾಣುತ್ತಿತ್ತು. ಆದರೆ ಗುಂಡಿ ನೀಲಿಯ ಕಡೆಗೆ ತುಸು ಹೆಚ್ಚು ಹೋಗಿದೆ ಎಂದು ಅವಳಿಗೆ ಕಂಡಿತು. ಪರದೆಯ ಮೂಲೆಯ ಅಂಕಿಗಳೂ ಅದನ್ನೇ ಹೇಳುತ್ತಿದ್ದವು: ಕಲ್ಲು ಇನ್ನೂ ಮೂರು ಅಂಕಿಯಷ್ಟು ಹಳದಿಯ ಕಡೆಗಿರಬೇಕಿತ್ತು. ನಾಡಿದ್ದು ಸೇಡಂನಲ್ಲಿ ಮಾಸ್ತರು ಅದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ, ಮೊದಲ ಸುತ್ತಿನ ತಪ್ಪು ಎಂದು ಹೇಳಿಯೇ ಹೇಳುತ್ತಾರೆ. ತಾಯಿ ಕೈ ತೆಗೆದು ಎದ್ದರು. ಮೌಸು ಖಾಲಿಯಾಯಿತು. ಲುಂಬಿನಿ ಅದನ್ನು ಹಿಡಿದಳು, ಬೆರಳು ಗುಂಡಿಯ ಮೇಲೆ ಬಂತು.

"ಯಾಕ, ಸರಿ ಇಲ್ಲೇನು?" ಎಂದರು ತುಳಜಾಬಾಯಿ.

"ಇರಲಿ" ಎಂದಳು ಲುಂಬಿನಿ. ಗುಂಡಿಯನ್ನು ಮುಟ್ಟದೆ ಚಿತ್ರವನ್ನು ಹಾಗೆಯೇ ಉಳಿಸಿ, ಅಚ್ಚಿಗೆ ಒಯ್ಯಲು ಸಿ.ಡಿ.ಗೆ ಹಾಕಿಕೊಡುವಂತೆ ಮಶಾಕನಿಗೆ ಹೇಳಿದಳು.